ಆಚಾರ್ರು ಮಾಡಿದ ಹನ್ನೆರಡು ಮಡಚುವ ಸೈಕಲ್

ಮಂಡಿನೋವಿಗೆ ಮನೆಯೊಳಗೇ ತುಳಿಯುವ ಸೈಕಲ್ ತಗೊಳ್ಳಿ ಎಂದು ಡಾಕ್ಟರು ಹೇಳಿದ್ದಕ್ಕೆ ಮೊನ್ನೆ ಮೈಸೂರಿನ ದೊಡ್ಡ ಸೈಕಲ್ ಅಂಗಡಿಯೊಂದಕ್ಕೆ ಹೋಗಿದ್ದೆ. ಮೂವತ್ತು ವರ್ಷ ಊರೂರು ಅಲೆದ ಕಾಲಿಗೆ ಈ ವಯಸ್ಸಿನಲ್ಲಿ ಎಲ್ಲಿಗೂ ಹೋಗದ ಸೈಕಲ್ ತುಳಿಯುವ ಗ್ರಹಚಾರ. ಬಾಗಿಲು ತಳ್ಳಿದ ಕೂಡಲೇ ಹೊಸ ಟೈರಿನ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಎದುರಿಗೇ, ಗಾಜಿನ ಹಿಂದೆ, ಒಂದು ಮಡಚುವ ಸೈಕಲ್ ಅರ್ಧಕ್ಕೆ ಮಡಚಿಕೊಂಡು ಕೂತಿತ್ತು.

ನಾನು ಅದರ ಮುಂದೆ ನಿಂತುಬಿಟ್ಟದ್ದು ನೋಡಿ ಅಂಗಡಿಯಾತ ಬಂದ. "ಅದು ಶೋಗೆ ಇಟ್ಟಿರೋದು ಆಂಟಿ. ರೇಟು ವರ್ಷ ವರ್ಷ ಏರ್ತಾನೇ ಇದೆ, ತಗೊಳ್ಳೋರು ವರ್ಷ ವರ್ಷ ಕಮ್ಮಿ ಆಗ್ತಾನೇ ಇದಾರೆ. ಎಲ್ಲರೂ ಬಂದು ಒಂದ್ಸಲ ಮಡಚಿ, ಒಂದ್ಸಲ ಬಿಚ್ಚಿ, ಫೋಟೋ ತೆಗೆಸ್ಕೊಂಡು ಹೋಗ್ತಾರೆ" ಎಂದ. ಬೆಲೆಯ ಚೀಟಿಯನ್ನು ಎರಡು ಸಲ ಓದಿದೆ. ಬಗ್ಗಿ, ಸೈಕಲ್ ನಡುವಿನ ಕೀಲನ್ನು ಬೆರಳಲ್ಲಿ ಮುಟ್ಟಿದೆ. ನನ್ನ ಹೆಬ್ಬೆರಳಿನಷ್ಟೂ ದಪ್ಪವಿರಲಿಲ್ಲ. "ಇದನ್ನ ಆಚಾರ್ರು ಒಪ್ತಿರಲಿಲ್ಲ" ಎಂದುಬಿಟ್ಟೆ, ಗಟ್ಟಿಯಾಗಿಯೇ. "ಯಾರು ಆಂಟಿ?" ಎಂದ ಅವನು. ಏನೆಂದು ಹೇಳಲಿ? ಬಂದ ಕೆಲಸವನ್ನೂ ಮರೆತು ಬರಿಗೈಯಲ್ಲಿ ಮನೆಗೆ ಬಂದೆ. ಈ ಬರಹ ಆ ಪ್ರಶ್ನೆಗೆ ಉತ್ತರ.

೧೯೯೯ರಲ್ಲಿ ನಾನು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಕಡೆ ಆರೋಗ್ಯ ಇಲಾಖೆಯ ನರ್ಸು. ಇಲಾಖೆಯ ಕಾಗದಗಳಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು. ಜನರಿಗೆ ನಾನು ನರ್ಸಮ್ಮ. ಐದು ಹಳ್ಳಿ ನನ್ನ ಪಾಲಿಗೆ. ಅತ್ತೆಯ ಜೊತೆ ಪಿರಿಯಾಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ನಮ್ಮ ಯಜಮಾನರು ಹಾಸನದಲ್ಲಿ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಿದ್ದರು. ಬಸ್ಸು ಹೋಗುತ್ತಿದ್ದದ್ದು ಟಾರು ರಸ್ತೆಯಲ್ಲಿ. ಹಳ್ಳಿಗಳಿದ್ದದ್ದು ಅಲ್ಲಿಂದ ಎರಡು ಮೂರು ಮೈಲಿ ಒಳಗೆ. ಬಸ್ಸು ನಿಲ್ಲುವ ಜಾಗವನ್ನು ನಮ್ಮ ಕಡೆ ಗೇಟು ಎನ್ನುತ್ತಾರೆ. ಅಲ್ಲಿ ಗೇಟೂ ಇರುವುದಿಲ್ಲ, ಕಾಯುವವರೂ ಇರುವುದಿಲ್ಲ. ಒಂದು ಮರ, ಒಂದು ಟೀ ಅಂಗಡಿ ಇದ್ದರೆ ಪುಣ್ಯ. ಅಲ್ಲಿಂದ ಮುಂದಕ್ಕೆ ಹೆಗಲಿಗೆ ಲಸಿಕೆಯ ಡಬ್ಬ ನೇತುಹಾಕಿಕೊಂಡು ನಡಿಗೆ. ಡಬ್ಬದೊಳಗಿನ ಐಸು ಕರಗುವುದರೊಳಗೆ ಮಕ್ಕಳ ತೊಡೆಗೆ ಸೂಜಿ ಚುಚ್ಚಿ ಮುಗಿಸಬೇಕು. ಹೊಗೆಸೊಪ್ಪಿನ ಹೊಲಗಳ ನಡುವೆ ಹಾಗೆ ಓಡುನಡಿಗೆಯಲ್ಲಿ ಹೋಗುವಾಗ ನಾನು ಬೈದುಕೊಳ್ಳದ ದೇವರಿಲ್ಲ.

ಒಂದು ಸಾದಾ ಸೈಕಲ್ ಇಟ್ಟುಕೊಳ್ಳಬಾರದಿತ್ತೇ ಎಂದು ಕೇಳಬಹುದು. ಸೋಮವಾರ ಒಂದು ಗೇಟು, ಮಂಗಳವಾರ ಇನ್ನೊಂದು. ಯಾವ ಮರಕ್ಕೆ ಕಟ್ಟಿ ಬರಲಿ? ಬಸ್ಸಿನ ಟಾಪಿಗೆ ಹಾಕಬೇಕೆಂದರೆ ಕಂಡಕ್ಟರನ ಕೈಕಾಲು ಹಿಡಿಯಬೇಕು, ಲಗೇಜು ಕೊಡಬೇಕು, ಹೊಗೆಸೊಪ್ಪಿನ ಬೇಲುಗಳ ಮಧ್ಯೆ ಹ್ಯಾಂಡಲ್ ಸೊಟ್ಟಗಾದರೆ ಯಾರೂ ದಿಕ್ಕಿಲ್ಲ. ಹಾಗಾಗಿ ನಡೆಯುತ್ತಿದ್ದೆ.

ಆ ವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳ ಒಂದು ಮಧ್ಯಾಹ್ನ, ಹಳ್ಳಿಯೊಂದರಲ್ಲಿ ಸೂಜಿ ಹಾಕುತ್ತಿದ್ದಾಗ ಪಕ್ಕದ ಊರಿನಿಂದ ಹೆಂಗಸೊಬ್ಬರು ಓಡಿ ಬಂದರು. ನಂಜುಂಡಾಚಾರ್ರ ಮಗಳು ಪದ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ನೋವು ಶುರುವಾಗಿ ಬೆಳಗಿನಿಂದ ಒದ್ದಾಡುತ್ತಿದ್ದಾಳೆ ಎಂದರು. ಎರಡು ಮೈಲಿ ನಡೆದೆನೋ ಓಡಿದೆನೋ ಗೊತ್ತಿಲ್ಲ. ಹೋದಾಗ ಮಗುವಿನ ತಲೆ ಕಾಣುತ್ತಿತ್ತು, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಬಳ್ಳಿ ಬಿಡಿಸಿ, ಮಗುವನ್ನು ಎಳೆದುಕೊಂಡು, ಬೆನ್ನು ತಟ್ಟಿ, ಅದು ಕಿರ್ರೆಂದಾಗ ನಾನೂ ಅಳುತ್ತಿದ್ದೆ. ಹೆಣ್ಣುಮಗು.

ಆಚಾರ್ರು ಜಗಲಿಯ ಮೇಲೆ ಕೂತಿದ್ದರು. ಐವತ್ತೈದರ ಆಸುಪಾಸಿನ ಮನುಷ್ಯ, ಒಣಕಲು ಮೈ, ಮುಂಗೈ ತುಂಬ ವೆಲ್ಡಿಂಗಿನ ಕಿಡಿ ಹಾರಿದ ಕಲೆಗಳು. ತಂದೆಯ ಕಾಲಕ್ಕೆ ಗಾಡಿಚಕ್ರಕ್ಕೆ ಪಟ್ಟಿ ಕಟ್ಟುತ್ತಿದ್ದ ಮನೆ. ಇವರು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕ ಸೈಕಲ್ ಶಾಪು ಇಟ್ಟಿದ್ದರು. ನಾನು ಕೈ ತೊಳೆಯುವಾಗ ನೀರು ಹುಯ್ಯುತ್ತಾ ನನ್ನ ಕಾಲಿನ ಧೂಳನ್ನೇ ನೋಡುತ್ತಿದ್ದರು.

"ನಡ್ಕಂಡೇ ಬಂದ್ರಾ ನರ್ಸಮ್ಮ?"

"ಇನ್ನೇನು ವಿಮಾನದಲ್ಲಿ ಬರಲಾ ಆಚಾರ್ರೇ?"

ಅವರು ನಗಲಿಲ್ಲ. "ಇನ್ನೊಂದರ್ಧ ಗಂಟೆ ತಡ ಆಗಿದ್ರೆ?" ಎಂದರು. ಏನಾಗುತ್ತಿತ್ತೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಬೈಲಕುಪ್ಪೆಯ ಟಿಬೆಟಿನ ಕ್ಯಾಂಪಿನಿಂದ ಒಬ್ಬ ಮುದುಕರು ಅವರ ಅಂಗಡಿಗೆ ಒಂದು ವಿಚಿತ್ರ ಸೈಕಲ್ ತಂದರಂತೆ. ಚಳಿಗಾಲದಲ್ಲಿ ಉತ್ತರದ ಊರುಗಳಿಗೆ ಹೋಗಿ ಸ್ವೆಟರ್ ಮಾರುವ ಮುದುಕರು, ದೆಹಲಿಯಲ್ಲಿ ಯಾರದೋ ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಹೊತ್ತುಕೊಂಡು ಬಂದಿದ್ದರು. ಮಧ್ಯಕ್ಕೆ ಮಡಚುವ ಫಾರಿನ್ ಸೈಕಲ್. ಕೀಲು ಮುರಿದಿತ್ತು. ಹೊಸದಕ್ಕೆ ನಾಲ್ಕು ಸೈಕಲ್ಲಿನ ದುಡ್ಡಾಗುತ್ತದೆ ಎಂದು ಅವರೇ ಹೇಳಿದರಂತೆ. ಆಚಾರ್ರು ಅದನ್ನು ಒಂದು ವಾರ ಬಿಚ್ಚಿ ಹರಡಿಕೊಂಡು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದುಕೊಂಡು, ಕೀಲು ಸರಿಮಾಡಿ ಕೊಟ್ಟು ಕಳಿಸಿದರು. ಆಮೇಲೆ ಒಂದು ಲೇಡೀಸ್ ಸೈಕಲ್ಲಿನ ಫ್ರೇಮನ್ನು ಗರಗಸದಲ್ಲಿ ಎರಡು ತುಂಡು ಮಾಡಿದರು.

ಜೂನ್ ಕೊನೆಗೆ ನನಗೆ ಹೇಳಿಕಳಿಸಿದರು. ಹೋದೆ. ಮಕ್ಕಳ ಸೈಕಲ್ಲಿನ ಚಿಕ್ಕ ಚಕ್ರ, ಹಸಿರು ಬಣ್ಣ, ಮಧ್ಯೆ ಕೀಲು, ಕೀಲಿಗೊಂದು ಪಿನ್ನು. ಪಿನ್ನು ಎಳೆದು ಮಡಚಿದರೆ ಎರಡು ಚಕ್ರ ಪಕ್ಕಪಕ್ಕ ಕೂರುತ್ತಿದ್ದವು. "ಸೀಟಿನ ಕೆಳೀಕೆ ತಳ್ಳಿ, ಯಾವ ಕಂಡಕ್ಟರೂ ಕ್ಯಾತೆ ತೆಗ್ಯಂಗಿಲ್ಲ" ಎಂದರು. ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡರು, ಸಾವಿರದ ಎಂಟುನೂರು. ಕೂಲಿ ಎಷ್ಟು ಎಂದದ್ದಕ್ಕೆ ತೊಟ್ಟಿಲಿನ ಕಡೆ ನೋಡುವವರಂತೆ ಮನೆಯ ದಿಕ್ಕಿಗೆ ಕೈ ತೋರಿಸಿದರು.

ಆ ಮುಂಗಾರು ನನ್ನ ನೌಕರಿಯಲ್ಲೇ ಸುಖದ ಕಾಲ. ಗೇಟಿನಲ್ಲಿ ಇಳಿದು, ಸೈಕಲ್ ಬಿಚ್ಚಿ, ಡಬ್ಬವನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ ಹೊರಟರೆ ಟೀ ಅಂಗಡಿಯವರೆಲ್ಲ ಎದ್ದುನಿಂತು ನೋಡುತ್ತಿದ್ದರು. ಕಂಡಕ್ಟರೊಬ್ಬ "ಏನ್ ನರ್ಸಮ್ಮ, ಸೈಕಲ್‌ಗೆ ಅರ್ಧ ಟಿಕೆಟ್ ಅರಿಲಾ? ಮಡ್ಚುದ್ರೆ ಮಗೀನಷ್ಟೇ ಅದೆ" ಎಂದು ದಿನಾ ಕಿಚಾಯಿಸುತ್ತಿದ್ದ. ಜುಲೈನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಒಲೆ ಹೊತ್ತಿ, ದಾರಿಯುದ್ದಕ್ಕೂ ಆ ಸಿಹಿ ಒಗರು ವಾಸನೆ. ಮಳೆ ಹನಿಯುತ್ತಿದ್ದರೆ ಬ್ಯಾರನ್ ಗೋಡೆಗೆ ಒರಗಿ ಬೆಚ್ಚಗೆ ನಿಂತು, ಮಳೆ ಬಿಟ್ಟ ಮೇಲೆ ಮತ್ತೆ ತುಳಿದು, ಮಧ್ಯಾಹ್ನಕ್ಕೆಲ್ಲ ಎರಡು ಹಳ್ಳಿ ಮುಗಿಸುತ್ತಿದ್ದೆ. ಐಸು ಕರಗಿರುತ್ತಿರಲಿಲ್ಲ.

ಹುಣಸೂರು ರಸ್ತೆಯ ಹಳ್ಳಿಗಳನ್ನು ನೋಡುತ್ತಿದ್ದ ಜಯಮ್ಮ ನನ್ನ ಸ್ನೇಹಿತೆ, ಅವಳೂ ನರ್ಸು. "ಲೇ ಸುಶೀಲಾ, ನಂಗೂ ಒಂದು ಮಾಡ್ಸ್ಕೊಡೇ" ಎಂದು ಗಂಟುಬಿದ್ದು ಆಗಸ್ಟಿನಲ್ಲಿ ಅವಳಿಗೂ ಒಂದಾಯಿತು. ಸೆಪ್ಟೆಂಬರಿನ ತಿಂಗಳ ಮೀಟಿಂಗಿಗೆ ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ ನಾವಿಬ್ಬರೂ ನಮ್ಮ ಸೈಕಲ್ ಮಡಚಿ ಬಿಚ್ಚಿ ತೋರಿಸಿದೆವು. ಸುತ್ತ ನೆರೆದ ನರ್ಸುಗಳು, ಅಂಗನವಾಡಿ ಮೇಲ್ವಿಚಾರಕಿಯರು ನನಗೂ ಬೇಕು, ನನಗೂ ಬೇಕು ಎಂದರು. ಎಣಿಸಿದೆ. ಹನ್ನೆರಡು ಕೈ. ಎರಡು ಸಾವಿರದೊಳಗೆ ಆಗುತ್ತದೆ ಎಂದು ನಾನೇ ಬೆಲೆ ಹೇಳಿದೆ. ಯಾರು ಕೇಳಿದ್ದರು ನನ್ನನ್ನು ಬೆಲೆ ಹೇಳು ಅಂತ? ಆವತ್ತು ನನಗೆ ಭಾರಿ ಉತ್ಸಾಹ. ಅಂಗಡಿಗೆ ಹೋಗಿ ಸುದ್ದಿ ಹೇಳಿ, "ಎಲ್ಲರ ಹತ್ತಿರ ಮುಂಗಡ ಇಸ್ಕೊಂಡು ಬರ್ತೀನಿ ಆಚಾರ್ರೇ" ಎಂದೆ.

ಅವರು ಕಿವಿ ಮುಟ್ಟಿಕೊಂಡರು. "ಬುಡ್ತು ಅನ್ನಿ. ನಮ್ಮನೇಲಿ ಒಂದು ನೇಮ ಅದೆ. ಮಗೀನ ಹೊಕ್ಕುಳಬಳ್ಳಿ ಕುಯ್ದ ಕೈಯಿಂದ ಮುಂಗಡ ಇಸ್ಕಬಾರ್ದು. ನಮ್ಮವ್ವನ ಕಾಲ್ದಿಂದ್ಲೂ ಸೂಲಗಿತ್ತೀಗೆ ಕೊಡೋದೇ ಇದ್ದದ್ದು, ಇಸ್ಕಳೋದಲ್ಲ. ನೀವು ಮಾತು ಕೊಟ್ರಲ್ಲ, ಅದೇ ಆಯ್ತು."

"ಅದು ನನ್ನ ದುಡ್ಡಲ್ಲ, ಅವರದ್ದು."

"ಕೊಡೋ ಕೈ ನಿಮ್ದು ತಾನೆ?"

ನನಗೆ ಅದು ಕೇಳಿ ಹೆಮ್ಮೆಯಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆಗ ನಿಜವಾಗಿಯೂ ಹೆಮ್ಮೆಯಾಯಿತು. ಒಬ್ಬೊಬ್ಬರಿಂದ ಇನ್ನೂರೋ ಮುನ್ನೂರೋ ಮೊದಲೇ ಇಸಿದುಕೊಂಡಿದ್ದರೆ ಹನ್ನೆರಡು ಜನರಲ್ಲಿ ಯಾರದು ಗಟ್ಟಿ ಮನಸ್ಸು, ಯಾರದು ಬಾಯಿಮಾತು ಎಂದು ಅವತ್ತೇ ತಿಳಿಯುತ್ತಿತ್ತು.

ಆಚಾರ್ರ ಅಂಗಡಿಯ ಅನ್ನ ಬರುತ್ತಿದ್ದದ್ದು ಗಂಟೆಗಿಷ್ಟು ಎಂದು ಬಾಡಿಗೆಗೆ ಬಿಡುವ ಎಂಟು ಸೈಕಲ್‌ಗಳಿಂದ. ಸಂತೆಗೆ ಬಂದವರು, ಹೊಗೆಸೊಪ್ಪಿನ ಹರಾಜಿಗೆ ಬಂದವರು ಅವನ್ನು ಒಯ್ಯುತ್ತಿದ್ದರು. ಒಂದೊಂದೇ ಮಾಡಿದರೆ ಸಾಮಾನು ದುಬಾರಿ, ಹನ್ನೆರಡಕ್ಕೆ ಒಟ್ಟಿಗೆ ಫ್ರೇಮು, ಚಕ್ರ, ಟೈರು ತಂದರೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕಿ, ಆ ಎಂಟನ್ನೂ ಮಾರುತ್ತೇನೆ ಎಂದರು. ಅವರ ಹೆಂಡತಿಗೆ ಇಷ್ಟವಿರಲಿಲ್ಲ. ಆಕೆ ನನ್ನ ಮುಖ ನೋಡಿದರು. ನಾನು, ದೊಡ್ಡ ಮನುಷ್ಯಳ ಹಾಗೆ, "ಮಾರಲಿ ಬಿಡಿ, ನಾನಿದೀನಲ್ಲ" ಎಂದೆ. ಆಯುಧಪೂಜೆಯ ದಿನ ಎಂಟಕ್ಕೂ ಸಾಲಾಗಿ ಕುಂಕುಮ ಇಟ್ಟು, ಹೂವು ಮುಡಿಸಿ, ಮಾರನೆಯ ವಾರ ಹುಣಸೂರಿನ ಸಾಹುಕಾರರೊಬ್ಬರಿಗೆ ಕೊಟ್ಟುಬಿಟ್ಟರು.

ನವೆಂಬರಿನಲ್ಲಿ, ಹಿಂಗಾರಿನ ಕೆಸರಿನಲ್ಲಿ, ಕೆರೆ ಏರಿಯ ಇಳಿಜಾರಿನಲ್ಲಿ ಜಯಮ್ಮನ ಸೈಕಲ್ ಓಡುತ್ತಿದ್ದಂತೆಯೇ ಮಧ್ಯಕ್ಕೆ ಮಡಚಿಕೊಂಡುಬಿಟ್ಟಿತು. ಪಿನ್ನು ಸವೆದಿತ್ತು. ಅವಳು ಮುಗ್ಗರಿಸಿ ಬಿದ್ದು ಮೊಣಕೈ ಸುಲಿಯಿತು, ಲಸಿಕೆಯ ಬಾಟಲಿಗಳು ಕೆಸರಿಗೆ ಚೆಲ್ಲಿದವು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ಸುದ್ದಿ ಕೇಳಿ ಆಚಾರ್ರು ಎರಡು ದಿನ ಊಟ ಬಿಟ್ಟರಂತೆ. ನಮ್ಮಿಬ್ಬರ ಸೈಕಲ್‌ಗಳನ್ನೂ ವಾಪಸು ತರಿಸಿಕೊಂಡು, ಹಳೆಯ ಗಾಡಿಯ ಅಚ್ಚಿನ ಉಕ್ಕು ಹುಡುಕಿ, ಕೀಲನ್ನು ಎರಡು ಪಟ್ಟು ದಪ್ಪ ಮಾಡಿದರು. ಒಂದು ಪಿನ್ನಿದ್ದಲ್ಲಿ ಎರಡಾಯಿತು. ಅದನ್ನು ಕೊರೆಸುವುದಕ್ಕೆ ಮೈಸೂರಿನ ಲೇತ್ ಅಂಗಡಿಗೇ ಹೋಗಬೇಕು. ಟೈರಿನ ಬೆಲೆಯೂ ಅಷ್ಟರಲ್ಲಿ ಏರಿತ್ತು. ಎರಡು ಸಾವಿರ ಎಂದದ್ದು ಎರಡೂವರೆಯಾಯಿತು, ಎರಡೂವರೆ ಮೂರು ಸಾವಿರದ ಹತ್ತಿರ ಬಂತು. ಮೊದಲು ಒಂದು ಕೈಯಲ್ಲಿ ಎತ್ತುತ್ತಿದ್ದ ಸೈಕಲ್ಲಿಗೆ ಈಗ ಎರಡು ಕೈ ಬೇಕಾಯಿತು.

"ಸ್ವಲ್ಪ ತೆಳ್ಳಗೆ ಮಾಡಿ ಆಚಾರ್ರೇ, ಹಗುರವೂ ಆಗ್ತದೆ, ಖರ್ಚೂ ಉಳೀತದೆ" ಎಂದೆ.

"ಬ್ಯಾರೆ ಎಲ್ಲಾರಾ ಉಳ್ಸಾನ. ಕೀಲ್ನಲ್ಲಿ ಮಾತ್ರ ಉಳ್ಸಲ್ಲ ಕಣಮ್ಮ. ಎಣ್ಮಕ್ಳು ಕೂತ್ಕಳೋ ಗಾಡಿ."

ಜನವರಿಯ ಮೀಟಿಂಗಿನಲ್ಲಿ ಸಾಹೇಬರು ಒಂದು ಸುತ್ತೋಲೆ ಓದಿದರು. ಹಳ್ಳಿ ಸುತ್ತುವ ಹೆಣ್ಣು ಸಿಬ್ಬಂದಿಗೆ ಮೊಪೆಡ್ ಕೊಳ್ಳಲು ಸಾಲ, ಸಂಬಳದಲ್ಲಿ ಸ್ವಲ್ಪಸ್ವಲ್ಪವೇ ಹಿಡಿಯುತ್ತಾರೆ. ಸಭೆಯಲ್ಲಿ ಜೇನುಹುಳು ಎದ್ದ ಹಾಗಾಯಿತು. ಬಿದ್ದ ಮೇಲೆ ಸೈಕಲ್ ಮುಟ್ಟದಿದ್ದ ಜಯಮ್ಮ ಮೊದಲು ಅರ್ಜಿ ಬರೆದಳು. ಹನ್ನೆರಡು ಜನರಲ್ಲಿ ನಾಲ್ಕಾರು ಮಂದಿ ಎಲ್ಲರ ಪರವಾಗಿ ಹೊರಗೆ ಬಂದು ನನ್ನ ಸುತ್ತ ನಿಂತರು. "ಮೂರು ಸಾವಿರ ಅಂತೀರಿ, ಅದಕ್ಕೆ ಈ ಸಾಲ ಸೇರಿಸಿದ್ರೆ ಮೊಪೆಡ್ಡೇ ಬಂತಲ್ಲ. ತುಳಿಯೋದೂ ಬೇಡ, ಮಡಚೋದೂ ಬೇಡ, ಬಸ್ಸೂ ಬೇಡ. ನಿಮ್ಮ ಆಚಾರ್ರಿಗೆ ನೀವೇ ಒಂದು ಮಾತು ಹೇಳಿಬಿಡಿ" ಎಂದರು. ಹೇಳುತ್ತೇನೆ ಎಂದೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬರುವ ಹಕ್ಕೂ ಇರಲಿಲ್ಲ. ನನ್ನ ಅರ್ಜಿಯೂ ಆಗಲೇ ಗುಮಾಸ್ತರ ಮೇಜಿನ ಮೇಲಿತ್ತು.

ಅಲ್ಲಿಂದ ಸೀದಾ ಅಂಗಡಿಗೆ ಹೋದೆ. ಹೇಳಲೆಂದೇ ಹೋದೆ. ಆಚಾರ್ರು ನಾಲ್ಕು ಸೈಕಲ್ ಮುಗಿಸಿದ್ದರು. ಉಳಿದ ಎಂಟು ಫ್ರೇಮುಗಳು ಇನ್ನೂ ಕತ್ತರಿಸದೆ ಗೋಡೆಗೆ ಒರಗಿದ್ದವು. ನನ್ನನ್ನು ಕಂಡವರೇ ಒಂದು ಕೀಲನ್ನು ಕೈಗೆ ಕೊಟ್ಟು, "ಮುಚ್ಚಿ ನೋಡಿ, ಶಬ್ದ ಕೇಳಿ" ಎಂದರು. ಮುಚ್ಚಿದೆ. ಟಕ್ ಎಂದು ಒಂದೇ ಶಬ್ದ, ಒಂದು ಎಳೆಯಷ್ಟೂ ಅಲುಗಾಟವಿಲ್ಲ. ಅವರ ಮುಖ ಹಬ್ಬದ ಮುಖವಾಗಿತ್ತು. ಇವತ್ತೊಂದು ದಿನ ಖುಷಿಯಾಗಿರಲಿ, ನಾಳೆ ಹೇಳಿದರಾಯಿತು ಎಂದುಕೊಂಡೆ. ಚೆನ್ನಾಗಿದೆ ಆಚಾರ್ರೇ ಎಂದು ಹೇಳಿ ಬಂದೆ.

ಆ ನಾಳೆ ಬರಲೇ ಇಲ್ಲ. ಅಂಗಡಿಯ ದಾರಿ ಬಿಟ್ಟು ಹಿಂದಿನ ಬೀದಿಯಿಂದ ಬಸ್ ಸ್ಟ್ಯಾಂಡಿಗೆ ಹೋಗಲು ಶುರುಮಾಡಿದೆ. ಅವತ್ತೇ ಬಾಯಿ ಬಿಟ್ಟಿದ್ದರೆ ಆ ಎಂಟು ಫ್ರೇಮುಗಳಾದರೂ ಗರಗಸದಿಂದ ಉಳಿಯುತ್ತಿದ್ದವು. ಎರಡು ತಿಂಗಳು ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಎರಡು ತಿಂಗಳೂ ಅವರು ಒಂದೊಂದಾಗಿ ಕತ್ತರಿಸಿ, ಬೆಸೆದು, ಬಣ್ಣ ಹಚ್ಚುತ್ತಿದ್ದರು.

ಮಾರ್ಚಿನಲ್ಲಿ ಮನೆಗೆ ಹೇಳಿಕಳಿಸಿದರು. ಹನ್ನೆರಡೂ ತಯಾರಾಗಿವೆ. ಯುಗಾದಿಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪೂಜೆ. ಆ ಹನ್ನೆರಡು ಅಮ್ಮಂದಿರನ್ನೂ ಕರೆದುಕೊಂಡು ಬನ್ನಿ, ಹೊಸ ವರ್ಷದ ದಿನವೇ ಗಾಡಿ ಹತ್ತಲಿ.

ಯುಗಾದಿಗೆ ಎರಡು ದಿನ ಮುಂಚೆ ನಮ್ಮ ಮೊಪೆಡ್‌ಗಳು ಬಂದವು.

ಹಬ್ಬದ ಬೆಳಿಗ್ಗೆ ಅತ್ತೆ ನನ್ನ ಮೊಪೆಡ್ಡನ್ನು ಮನೆ ಮುಂದೆ ನಿಲ್ಲಿಸಿ, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ತೆಂಗಿನಕಾಯಿ ಒಡೆದರು. ಒಂಬತ್ತೂವರೆಗೆ ನಾನು ಮನೆ ಮಾಲೀಕರ ಫೋನಿನಿಂದ ಆಚಾರ್ರ ಅಂಗಡಿ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡಿದೆ. "ಆಚಾರ್ರಿಗೆ ಹೇಳಿಬಿಡಿ, ಅರ್ಜೆಂಟಾಗಿ ಒಂದು ಹೆರಿಗೆ ಕೇಸು ಬಂದಿದೆ, ನರ್ಸಮ್ಮ ಬರೋಕಾಗಲ್ಲ ಅಂತ" ಎಂದೆ. ಯಾವ ಹೆರಿಗೆಯೂ ಇರಲಿಲ್ಲ. ಸುಳ್ಳಿಗೆ ಬೇರೆ ಎಷ್ಟು ನೆವ ಇರಲಿಲ್ಲ! ಜ್ವರ ಅನ್ನಬಹುದಿತ್ತು, ನೆಂಟರು ಅನ್ನಬಹುದಿತ್ತು. ಅವರು ಯಾವುದಕ್ಕೆ ಕೈಮುಗಿಯುತ್ತಿದ್ದರೋ ಅದನ್ನೇ ಮುಂದಿಟ್ಟೆ, ಯಾಕೆಂದರೆ ಅದನ್ನು ಅವರು ಪ್ರಶ್ನಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಫೋನಿಟ್ಟು ಒಳಗೆ ಹೋಗಿ, ತಲೆನೋವು ಎಂದು ಅತ್ತೆಗೆ ಹೇಳಿ, ಗೋಡೆಗೆ ಮುಖ ಮಾಡಿ ಮಲಗಿದೆ.

ಒಂದು ವಾರ ಬಿಟ್ಟು ಹೋದೆ. ಮೊಪೆಡ್ಡನ್ನು ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯ ಹತ್ತಿರ ನಿಲ್ಲಿಸಿ, ಅಲ್ಲಿಂದ ನಡೆದುಕೊಂಡು ಹೋದೆ. ಅಂಗಡಿಯಲ್ಲಿ ಆಚಾರ್ರೊಬ್ಬರೇ ಇದ್ದರು. ಹಿಂದೆ ಹನ್ನೆರಡು ಹಸಿರು ಸೈಕಲ್, ಒಂದೊಂದರ ಹ್ಯಾಂಡಲ್ಲಿಗೂ ಒಣಗಿದ ಸೇವಂತಿಗೆ, ಒಂದೊಂದರ ಮುಂದೂ ಸುಕ್ಕುಗಟ್ಟಿದ ನಿಂಬೆಹಣ್ಣು.

"ಬನ್ನಿ ನರ್ಸಮ್ಮ, ಕೂತ್ಕಳಿ" ಎಂದು ಸ್ಟೂಲು ಒರೆಸಿದರು. "ಹೆರ್ಗೆ ಸಲೀಸಾಗಾಯ್ತಾ?"

"ಆಯ್ತು."

"ಗಂಡೋ ಹೆಣ್ಣೋ?"

ನನ್ನ ಬಾಯಿಂದ "ಹೆಣ್ಣು" ಎಂದು ಬಂತು.

"ಒಳ್ಳೇದಾಯ್ತು" ಎಂದರು. "ತಾಯಿ ಮಗು ಚೆನ್ನಾಗವರಲ್ಲ, ಅಷ್ಟು ಸಾಕು. ಸೈಕಲ್ ಮಾತು ಏನು, ಆಮ್ಯಾಕೂ ಆಯ್ತದೆ."

ಆ ಕ್ಷಣಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡು, "ಅವರು ಯಾರೂ ಬರಲ್ಲ ಆಚಾರ್ರೇ. ಜನವರೀಲೇ ಹೇಳಿದ್ರು. ನಾನೇ ನಿಮಗೆ ಹೇಳಲಿಲ್ಲ" ಎಂದೆ.

ಅವರು ಒಂದು ಸ್ಪ್ಯಾನರನ್ನು ತೆಗೆದು ಒರೆಸಿ ಇಟ್ಟರು, ಮತ್ತೆ ತೆಗೆದು ಒರೆಸಿದರು. "ಆಸ್ಪತ್ರೆ ಮುಂದೆ ಸಾಲಾಗಿ ಗಾಡಿ ನಿಂತಿದ್ದೋ, ನೋಡ್ದೆ. ನೀವಾಗಿ ಯೋಳ್ತೀರೇನೋ ಅಂತ ಕಾಯ್ತಿದ್ದೆ" ಎಂದರು. ಆಮೇಲೆ, "ಬುಡಿ, ಇನ್ನೇನ್ಮಾಡಕಾಯ್ತದೆ. ಮೊಪೆಡ್ಡಾದ್ರೆ ನೀವು ಇನ್ನೂ ಬ್ಯಾಗ ವೋಯ್ತೀರಿ. ನಾನು ಅದ್ಕೇ ತಾನೆ ಇದನ್ನ ಮಾಡಿದ್ದು" ಎಂದರು. ಹನ್ನೆರಡರಲ್ಲಿ ಒಂದನ್ನಾದರೂ ನಾನು ಕೊಳ್ಳುತ್ತೇನೆ ಎಂದದ್ದಕ್ಕೆ ಅವರು ಒಪ್ಪಲಿಲ್ಲ. ಬೇಡದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ ಎಂದರು. ಅದರಲ್ಲಿ ಕೊಂಕಿರಲಿಲ್ಲ.

ಬೈಲಕುಪ್ಪೆ ಕ್ಯಾಂಪಿನವರು ಮೂರನ್ನು ಕೊಂಡರು. ಉಳಿದ ಒಂಬತ್ತಕ್ಕೆ ಗಿರಾಕಿ ಬರಲಿಲ್ಲ. ಆ ಬೆಲೆ ಕೇಳಿದವರು ಬಾಯಿಯ ಮೇಲೆ ಬೆರಳಿಡುತ್ತಿದ್ದರು. ಇಳಿಸಿದರೂ ಮಡಚುವ ಸೈಕಲ್ ಎಂದರೆ ಮುರಿಯುವ ಸೈಕಲ್ ಎಂಬ ಅನುಮಾನ ಜನರಿಗೆ, ಜಯಮ್ಮ ಬಿದ್ದ ಕಥೆ ಅಷ್ಟು ದೂರ ಹೋಗಿತ್ತು. ಮಳೆಗಾಲ ಕಳೆದ ಮೇಲೆ ಆಚಾರ್ರು ಒಂಬತ್ತರ ಕೀಲಿಗೂ ವೆಲ್ಡಿಂಗ್ ಹೊಡೆದು, ಮತ್ತೆಂದೂ ಮಡಚದ ಹಾಗೆ ಮಾಡಿ, ಸಾದಾ ಸೈಕಲ್ ಎಂದು ಸಿಕ್ಕ ಬೆಲೆಗೆ ಮಾರಿದರು. ಎರಡು ಪಟ್ಟು ಉಕ್ಕು ಹಾಕಿ, ಮೈಸೂರಿಗೆ ಅಲೆದು ಕೊರೆಸಿ ಮಾಡಿದ ಕೀಲುಗಳು. ನನಗೆ ಆ ಸುದ್ದಿ ಹೇಳಿದವರು ಯಾರೋ ದಾರಿಹೋಕರು. ಮರುವರ್ಷ ಅಂಗಡಿಯೂ ಮುಚ್ಚಿತು. ಬಾಡಿಗೆ ಸೈಕಲ್ ಇಲ್ಲದ ಮೇಲೆ ಬರೀ ಪಂಕ್ಚರಿನಿಂದ ಮನೆ ನಡೆಯುವುದೆಲ್ಲಿ? ಹುಣಸೂರಿನಲ್ಲಿ ಕಿಟಕಿಗೆ ಗ್ರಿಲ್ ಮಾಡುವವರ ಹತ್ತಿರ ದಿನಗೂಲಿಗೆ ವೆಲ್ಡಿಂಗ್ ಕೆಲಸಕ್ಕೆ ಸೇರಿದರು. ನನ್ನ ಹಸಿರು ಸೈಕಲ್ ಅಟ್ಟದ ಮೇಲೆ ತುಕ್ಕು ಹಿಡಿಯಿತು. ಒಮ್ಮೆ 'ಗುಜರಿಯವರು ಬಂದಿದ್ದರು, ಹಾಕಿಬಿಟ್ಟೆ' ಎಂದರು ಅತ್ತೆ.

ಎರಡು ವರ್ಷದ ಮೇಲೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಪದ್ಮ ಸಿಕ್ಕಿದಳು. ಸೊಂಟದ ಮೇಲಲ್ಲ, ಕೈಹಿಡಿದು ನಡೆಯುವಷ್ಟು ದೊಡ್ಡದಾಗಿದ್ದ ಆ ಮಗು ಜೊತೆಗಿತ್ತು. ಆಚಾರ್ರು ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದಳು. ನನಗೆ ಯಾರೂ ತಿಳಿಸಿರಲಿಲ್ಲ. ಕಣ್ಣೊರೆಸಿಕೊಂಡು, ಮಾತಿಗೆ ಮಾತು ಬಂದು, ನಾನು ತಡೆಯಲಾರದೆ ಯುಗಾದಿಯ ಸುಳ್ಳನ್ನು ಹೇಳಿಬಿಟ್ಟೆ.

"ನಮ್ಮಪ್ಪಂಗೆ ಗೊತ್ತಿತ್ತು ಕಣಕ್ಕ" ಎಂದಳು ಪದ್ಮ, ತುಂಬ ಮೆತ್ತಗೆ. "ಹಬ್ಬಕ್ಕೆ ಬಂದು ನಾನೂ ಅಂಗ್ಡೀಲೇ ಇದ್ದೆ. ಅವತ್ತು ಯಾರೂ ಬರದಿದ್ದಕ್ಕೆ, ಪಾಪ ಹಬ್ಬದ ದಿನವೂ ನರ್ಸಮ್ಮಂಗೆ ಬಿಡುವಿಲ್ಲ, ಒಬ್ಬಟ್ಟು ಕೊಟ್ಬಾ ಅಂತ ಅಪ್ಪನೇ ನನ್ನ ಕಳ್ಸಿದ್ರು. ನಿಮ್ಮತ್ತೇರು ಈಸ್ಕಂಡ್ರು. ತಲೆನೋವು ಅಂತ ಮಲಗವ್ಳೆ ಅಂದ್ರು. ಮನೆ ಮುಂದೆ ಗಾಡಿಗೆ ಹಾರ ಹಾಕಿತ್ತು. ಬಂದು ಅಪ್ಪಂಗೆ ಅಂಗೇ ಯೋಳ್ದೆ."

ಹಬ್ಬದ ದಿನ ಹತ್ತು ಮನೆಯ ಒಬ್ಬಟ್ಟು ಬಂದಿತ್ತು. ಅದರಲ್ಲಿ ಅವರ ಮನೆಯದೂ ಇತ್ತೆಂದು, ಬಹುಶಃ ಅದನ್ನೂ ನಾನು ತಿಂದೆನೆಂದು, ಅವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ಎಲ್ಲ ಗೊತ್ತಿದ್ದೂ ಗಂಡೋ ಹೆಣ್ಣೋ ಎಂದು ಕೇಳಿದರಲ್ಲ, ನಿಜ ಹೇಳಲು ನನಗೊಂದು ದಾರಿ ಬಿಟ್ಟುಕೊಟ್ಟರೋ, ಇಲ್ಲ ನಾನು ಎಷ್ಟು ದೂರ ಹೋಗುತ್ತೇನೆಂದು ನೋಡಿದರೋ? ಕೇಳಲು ಅವರಿಲ್ಲ. ನಾನು ಹೆಣ್ಣು ಎಂದದ್ದು ಮಾತ್ರ ಹಾಗೇ ಉಳಿಯಿತು.

ಅದೇ ವರ್ಷ ಮಳೆಗಾಲದಲ್ಲಿ ಕಂಪಲಾಪುರದ ಆಚೆ ಒಂದು ಹೈಸ್ಕೂಲಿಗೆ ಹೆಣ್ಣುಮಕ್ಕಳಿಗೆ ಕಬ್ಬಿಣದ ಮಾತ್ರೆ ಹಂಚಲು ಹೋಗಿದ್ದೆ. ಕೆಲಸ ಮುಗಿಸಿ ಹೊರಟಾಗ ಎರಡು ಜಡೆಯ ಹುಡುಗಿಯೊಬ್ಬಳು ಸೈಕಲ್ ತಳ್ಳಿಕೊಂಡು ಸ್ಕೂಲಿನ ಗೇಟಿನ ಹತ್ತಿರ ಬಂದಳು. ಚಿಕ್ಕ ಚಕ್ರ, ಹಸಿರು ಬಣ್ಣ. ಫ್ರೇಮಿನ ನಡುವೆ ಮುಷ್ಟಿಗಾತ್ರದ ಒಂದು ಗಂಟು, ಸುತ್ತ ವೆಲ್ಡಿಂಗಿನ ಉಬ್ಬುಗೆರೆ. ನಾನು ಕೈಯಡ್ಡ ಹಿಡಿದು ನಿಲ್ಲಿಸಿದೆ. ಆ ಗಂಟಿನ ಮೇಲೆ ಅಂಗೈ ಇಟ್ಟೆ. ಅವಳಿಗೆ ವಿಚಿತ್ರ ಅನ್ನಿಸಿರಬೇಕು.

"ಎಂಗದೆ ಮಗಾ ಸೈಕಲ್ಲು?"

"ಗಟ್ಟಿಗದೆ ನರ್ಸಮ್ಮ. ಮೂರ್ ಜನ ಕೂತ್ರೂ ಏನೂ ಆಗಲ್ಲ. ಆದ್ರೆ ಶ್ಯಾನೆ ಭಾರ. ಇದ್ಯಾಕೆ ಇಲ್ಲಿ ಇಂಗೆ ಗಂಟು ಹಾಕವ್ರೋ ಕಾಣೆ."

"ಇದು ಮಡಚೋ ಸೈಕಲ್ ಕಣವ್ವ" ಎಂದೆ. "ಇಲ್ಲಿ ಎರಡು ಪಿನ್ನಿದ್ದೋ. ಎಳೆದರೆ ಅರ್ಧಕ್ಕೆ ಮಡಚಿಕೊಳ್ತಿತ್ತು. ಬಸ್ಸಿನ ಸೀಟಿನ ಕೆಳಗೆ ಇಟ್ಕೊಂಡು ಹೋಗಬಹುದಿತ್ತು. ನನ್ನ ಹತ್ತಿರವೂ ಒಂದಿತ್ತು."

ಹುಡುಗಿ ನನ್ನನ್ನೂ ಸೈಕಲ್ಲನ್ನೂ ಒಂದು ಸಲ ನೋಡಿ ಬಾಯ್ತುಂಬ ನಕ್ಕಳು. "ಸೈಕಲ್ಲ ಯಾರಾರಾ ಮಡಚ್ತಾರಾ? ಏನ್ ಸುಳ್ಳು ಯೋಳ್ತೀರಿ ನರ್ಸಮ್ಮ ನೀವು!" ಎಂದು ಪೆಡಲಿನ ಮೇಲೆ ಕಾಲಿಟ್ಟು ಹೊರಟೇಹೋದಳು. ಆಚಾರ್ರು ಎಲ್ಲ ಗೊತ್ತಿದ್ದೂ ನನಗೆ ಒಂದು ದಿನವೂ ಹೇಳದಿದ್ದ ಮಾತು ಅದು.